ಚೀಸ್ ಬೇಡವೆಂದವರು, ಚೀಸ್ ಸಿಗದವರು

ದೆಹಲಿಯ ಮುನಿರ್ಕಾದ ಓಣಿಗಳು ಎಷ್ಟು ಕಿರಿದೆಂದರೆ, ಎದುರುಬದುರಿನ ಮನೆಯವರು ತಮ್ಮ ತಮ್ಮ ಬಾಲ್ಕನಿಯಲ್ಲಿ ನಿಂತೇ ಕಾಫಿಪುಡಿ ಸಾಲ ಕೊಟ್ಟು ತೆಗೆದುಕೊಳ್ಳಬಹುದು. ಕಳೆದ ಚಳಿಗಾಲದ ಒಂದು ಸಂಜೆ ಅಕ್ಕನ ಮಗಳು ನನ್ನನ್ನು ಅಲ್ಲಿನ ಪುಟ್ಟ ಪಿಜ್ಜಾ–ಪಾಸ್ತಾ ಹೋಟೆಲೊಂದಕ್ಕೆ ಕರೆದುಕೊಂಡು ಹೋದಳು. ಮಂಡ್ಯ ಕಡೆಯ ಹುಡುಗಿ, ಇಲ್ಲೇ ಹತ್ತಿರದಲ್ಲಿ ಎಂ.ಎ. ಓದುತ್ತಿದ್ದಾಳೆ. ಒಂದು ವರ್ಷದಿಂದ ವೀಗನ್. ಅಂದರೆ ಮಾಂಸ ಮೀನು ಮೊಟ್ಟೆಯಷ್ಟೇ ಅಲ್ಲ. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ.

ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗನಿಗೆ ಅವಳು ಹಿಂದಿಯಲ್ಲಿ ಹೇಳಿದಳು: "ಪಿಜ್ಜಾ ಕೊಡಿ, ಚೀಸ್ ಹಾಕಬೇಡಿ."

"ಮೇಡಂ, ನಮ್ಮ ಚೀಸ್ ಪ್ಯೂರ್ ವೆಜ್."

"ಗೊತ್ತು. ಆದರೂ ಬೇಡ."

ಅವನು ಒಳಗೆ ಹೋಗಿ ಬಂದ. "ಚೀಸ್ ಹಾಕದಿದ್ದರೂ ರೇಟು ಅದೇ ಆಗುತ್ತೆ. ಮತ್ತೆ, ಚೀಸ್ ಇಲ್ಲದಿದ್ದರೆ ಅದು ಪಿಜ್ಜಾ ಹೇಗಾಗುತ್ತೆ, ಬರೀ ರೊಟ್ಟಿ ಅಲ್ಲವಾ?"

ಅವಳು ನಕ್ಕಳು. ನಾನು ನಗಲಿಲ್ಲ, ಏಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಪ್ರಶ್ನೆ. ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ. ಇಟಲಿಯ ಊಟದಿಂದ ಹಾಲನ್ನು ತೆಗೆದರೆ ಉಳಿಯುವುದೇನು? ಹುಡುಕುತ್ತ ಹೋದಂತೆ ಪ್ರಶ್ನೆಯೇ ತಿರುವುಮುರುವಾಯಿತು. ಇಟಲಿಯ ಊಟಕ್ಕೆ ಇಷ್ಟೊಂದು ಹಾಲು ಬಂದು ಸೇರಿದ್ದು ಯಾವಾಗ, ಯಾರ ತಟ್ಟೆಗೆ?

ಹಸಿರು ಚುಕ್ಕಿಯ ಒಳಗೆ ಏನಿದೆ

ಮೊದಲು ಆ ಹುಡುಗನ "ಪ್ಯೂರ್ ವೆಜ್" ಮಾತು. ಅವನು ತಪ್ಪು ಹೇಳಿರಲಿಲ್ಲ. ನಮ್ಮ ಕಾನೂನು ಹೇಳುವುದೂ ಅದನ್ನೇ. ಈ ಶತಮಾನದ ಆರಂಭದಲ್ಲಿ ಪೊಟ್ಟಣಗಳ ಮೇಲೆ ಹಸಿರು ಮತ್ತು ಕಂದು ಗುರುತುಗಳು ಕಡ್ಡಾಯವಾದಾಗ, ಮಾಂಸಾಹಾರವೆಂದರೆ ಪ್ರಾಣಿ, ಪಕ್ಷಿ, ಮೀನು, ಮೊಟ್ಟೆಗಳ ಅಂಶವಿರುವ ಆಹಾರ ಎಂದು ವ್ಯಾಖ್ಯಾನಿಸಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಅದರಿಂದ ಹೊರಗಿಡಲಾಯಿತು. ಹಾಗಾಗಿ ಪನೀರಿಗೂ ಹಸಿರು ಚುಕ್ಕಿ, ಬದನೆಕಾಯಿಗೂ ಹಸಿರು ಚುಕ್ಕಿ. ವೀಗನ್ ಆಹಾರಕ್ಕೆಂದೇ ಬೇರೆ ನಿಯಮ, ಬೇರೆ ಗುರುತು ಬಂದದ್ದು 2022ರಲ್ಲಿ.

ಭಾಷೆಯಲ್ಲಿ ಇದು ಇನ್ನೂ ತಮಾಷೆಯಾಗಿದೆ. ಸಸ್ಯಾಹಾರಿ ಎಂಬ ನಮ್ಮ ಪದ ಅಕ್ಷರಶಃ ಹೇಳುವುದು ಸಸ್ಯವನ್ನು ತಿನ್ನುವವನೆಂದು. ಆದರೆ ಸಸ್ಯಾಹಾರಿಯ ಮನೆಯಲ್ಲಿ ಬೆಳಗಾಗುವುದು ಹಾಲಿನಿಂದ, ಊಟ ಶುರುವಾಗುವುದು ತುಪ್ಪದಿಂದ, ಮುಗಿಯುವುದು ಮಜ್ಜಿಗೆಯಿಂದ. ಹಾಲನ್ನೂ ಬಿಟ್ಟವರಿಗೆ ಬೇರೆ ಪದ ಬೇಕೆಂದು ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಾತಿಗಳು 1944ರಲ್ಲಿ 'ವೆಜಿಟೇರಿಯನ್' ಪದದ ಇಂಗ್ಲಿಷ್ ಕಾಗುಣಿತದಿಂದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರಗಳನ್ನು ಉಳಿಸಿಕೊಂಡು 'ವೀಗನ್' ಎಂದು ಮಾಡಿದರು. ಕನ್ನಡದಲ್ಲಿ ನಾವು ಅದನ್ನು ಹಾಗೆಯೇ ತೆಗೆದುಕೊಂಡಿದ್ದೇವೆ. ಅದಕ್ಕೆ ಒಪ್ಪುವ ಪದ ನಮ್ಮಲ್ಲಿ ಇತ್ತು, ಆದರೆ ಅದನ್ನು ಆಗಲೇ ಹಾಲು ಕುಡಿಯುವವರಿಗೆ ಕೊಟ್ಟುಬಿಟ್ಟಿದ್ದೆವು.

ಗಾಂಧೀಜಿ ಈ ತೊಡಕನ್ನು ವಾಟ್ಸನ್‌ಗಿಂತ ಮೂರು ದಶಕ ಮೊದಲೇ ಕಂಡಿದ್ದರು. 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಹಾಲು ಬಿಡುವ ವ್ರತ ತೊಟ್ಟರು. ಮುಂದೆ ಭಾರತದಲ್ಲಿ ಕಾಯಿಲೆ ಬಿದ್ದು ಜೀವ ಹೋಗುವ ಹಂತ ಬಂದಾಗ, ವ್ರತ ತೊಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳ ಹಾಲು ಮಾತ್ರ ಎಂಬ ಕಸ್ತೂರಬಾ ಅವರ ವಾದಕ್ಕೆ ಮಣಿದು ಆಡಿನ ಹಾಲು ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು.

ಬಾಳೆಲೆಯ ಮುಂದೆ ಕೂತ ರೋಮನ್

ಮಾಂಸ ಬಿಡುವ ಸಂಪ್ರದಾಯ ಇಟಲಿಗೆ ಹೊಸದಲ್ಲ. 'ವೆಜಿಟೇರಿಯನ್' ಎಂಬ ಪದ 19ನೇ ಶತಮಾನದ ನಡುವೆ ಬಳಕೆಗೆ ಬರುವ ಮುನ್ನ ಯುರೋಪಿನಲ್ಲಿ ಅಂಥವರನ್ನು ಕರೆಯುತ್ತಿದ್ದದ್ದು ಪೈಥಾಗರಿಯನ್ನರೆಂದು. ನಾವು ಶಾಲೆಯಲ್ಲಿ ತ್ರಿಕೋನದ ಪ್ರಮೇಯದೊಂದಿಗೆ ಬಾಯಿಪಾಠ ಮಾಡಿದ ಆ ಪೈಥಾಗರಸ್ ಗ್ರೀಕನಾದರೂ, ತನ್ನ ಶಿಷ್ಯಮಂಡಲಿಯನ್ನು ಕಟ್ಟಿದ್ದು ಇಂದಿನ ದಕ್ಷಿಣ ಇಟಲಿಯ ಕ್ರೊಟೋನೆಯಲ್ಲಿ. 1743ರಲ್ಲಿ ಫ್ಲಾರೆನ್ಸಿನ ವೈದ್ಯ ಆಂಟೋನಿಯೊ ಕೊಕ್ಕಿ ಪೈಥಾಗರಸನ ಪಥ್ಯದ ಬಗ್ಗೆ ಪುಸ್ತಕವನ್ನೇ ಬರೆದ. ಅವನೂ ತರಕಾರಿಯ ಜೊತೆ ಹಾಲನ್ನು ಇಟ್ಟುಕೊಂಡ.

ಭಾರತಕ್ಕೆ ಬಂದ ಇಟಲಿಯವರಿಗೆ ನಮ್ಮ ಊಟ ಬೆರಗಿನ ಸಂಗತಿಯಾಗಿತ್ತು. 16ನೇ ಶತಮಾನದ ಎರಡನೇ ದಶಕದಲ್ಲಿ ಕೊಚ್ಚಿಯಿಂದ ಆಂಡ್ರಿಯಾ ಕೊರ್ಸಾಲಿ ಎಂಬ ಫ್ಲಾರೆನ್ಸಿನವನು ಮೆಡಿಚಿ ಮನೆತನಕ್ಕೆ ಪತ್ರ ಬರೆಯುತ್ತ, ಗುಜರಾತಿಗಳು ರಕ್ತವಿರುವ ಏನನ್ನೂ ತಿನ್ನುವುದಿಲ್ಲ, ಯಾವ ಜೀವಿಗೂ ನೋವು ಮಾಡಗೊಡುವುದಿಲ್ಲ ಎಂದು ವಿವರಿಸಿ, ಇದರಲ್ಲಿ ಅವರು ನಮ್ಮ ಲಿಯೊನಾರ್ಡೊ ಡ ವಿಂಚಿಯ ಹಾಗೆ ಎಂದು ಹೋಲಿಸಿದ. ಲಿಯೊನಾರ್ಡೊ ಮಾಂಸ ತಿನ್ನುತ್ತಿರಲಿಲ್ಲ ಎಂಬುದಕ್ಕೆ ಇಂದು ವಿದ್ವಾಂಸರು ಮುಖ್ಯವಾಗಿ ಆಧರಿಸುವುದು ಕೇರಳದ ಕಡಲಂಚಿನಿಂದ ಹೋದ ಈ ಒಂದು ಸಾಲನ್ನು.

ನಮ್ಮ ನಾಡಿಗೇ ಬಂದವನು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮಿನ ಸಿರಿವಂತ ಮನೆತನದವನು. 1623ರಲ್ಲಿ ಗೋವಾದಿಂದ ಹೊರಟ ಪೋರ್ಚುಗೀಸ್ ನಿಯೋಗದ ಜೊತೆ ಹೊನ್ನಾವರ, ಗೇರುಸೊಪ್ಪೆಗಳ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ದರ್ಬಾರನ್ನು ಕಂಡ. ಆಮೇಲೆ ಮಂಗಳೂರಿಗೆ ಇಳಿದು ಉಳ್ಳಾಲದ ರಾಣಿಯನ್ನು ಮಾತಾಡಿಸಿದ. ರಾಣಿಯ ಮಗ ಅವನನ್ನು ಊಟಕ್ಕೆ ಕರೆದ. ನೆಲದ ಮೇಲೆ ಎಲೆ, ಎಲೆಯ ಮೇಲೆ ಅನ್ನ, ಪಕ್ಕದಲ್ಲಿ ಕರಗಿಸಿದ ತುಪ್ಪ, ಸೊಪ್ಪಿನ ಮೇಲೋಗರ. ದೆಲ್ಲಾ ವಾಲ್ಲೆ ಅದನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ಮಾಂಸವಿಲ್ಲ, ತುಪ್ಪವಿದೆ: ನಮ್ಮಲ್ಲಿ ಗೌರವದ ಊಟದ ಗುರುತು ಅದು. ಅತಿಥಿಯ ಎಲೆಗೆ ತುಪ್ಪ ಬೀಳದಿದ್ದರೆ ಆತಿಥ್ಯ ಪೂರ್ತಿಯಾಗದು. ನಾಲ್ಕು ನೂರು ವರ್ಷದ ಮೇಲೆ ಮುನಿರ್ಕಾದ ಹೋಟೆಲಿನ ಹುಡುಗ ಚೀಸ್ ಬೇಡವೆಂದಾಗ ಗಲಿಬಿಲಿಗೊಂಡದ್ದಕ್ಕೂ ಇದೇ ಕಾರಣವಿರಬೇಕು. ಅವನ ಪಾಲಿಗೆ ಅವಳು ಆತಿಥ್ಯವನ್ನೇ ಬೇಡವೆಂದಿದ್ದಳು.

ಎರಡು ವ್ರತಗಳು

ಹಾಲು ಬಿಡುವುದು ನಮ್ಮಲ್ಲೂ ಇದೆ, ಇಟಲಿಯಲ್ಲೂ ಇತ್ತು. ಎರಡೂ ಕಡೆ ಅದು ವ್ರತ.

ಉಡುಪಿಯ ಮಠಗಳಲ್ಲಿ, ಮಾಧ್ವ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ನೇಮ: ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ; ಎರಡನೆಯದು ದಧಿವ್ರತ, ಮೊಸರಿಲ್ಲ; ಮೂರನೆಯದು ಕ್ಷೀರವ್ರತ, ಹಾಲಿಲ್ಲ; ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ಒಂದೊಂದನ್ನು ಬಿಟ್ಟು ಅಡುಗೆ ಮಾಡುವ ಜಾಣ್ಮೆ ಆ ಮನೆಗಳ ಹೆಂಗಸರಿಗೆ ಕೈಗತ.

ಇಟಲಿಯಲ್ಲಿ ಈಸ್ಟರಿಗೆ ಮುಂಚಿನ 40 ದಿನಗಳ ಉಪವಾಸಕಾಲದಲ್ಲಿ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆ, ಚೀಸ್ ಎಲ್ಲವೂ ಮಧ್ಯಯುಗದಲ್ಲಿ ನಿಷಿದ್ಧ. ಮೀನಿಗೆ ಮಾತ್ರ ಅನುಮತಿ. ಹಾಗಾದರೆ ಸಿರಿವಂತರ ಬಾಣಸಿಗರು ಏನು ಮಾಡಿದರು? ಬಾದಾಮಿಯನ್ನು ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆದರು. 15ನೇ ಶತಮಾನದ ಹೆಸರಾಂತ ಬಾಣಸಿಗ ಮಾಸ್ಟ್ರೊ ಮಾರ್ಟಿನೊನ ಅಡುಗೆ ಪುಸ್ತಕದಲ್ಲಿ ಉಪವಾಸಕಾಲಕ್ಕೆಂದು ಬಾದಾಮಿಯಿಂದ ಮಾಡುವ 'ನಕಲಿ' ರಿಕೊಟ್ಟಾ ಚೀಸ್, 'ನಕಲಿ' ಬೆಣ್ಣೆ, ಕೊನೆಗೆ 'ನಕಲಿ' ಮೊಟ್ಟೆಯೂ ಇದೆ. ಇಂದು ದೊಡ್ಡ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಬಾದಾಮಿ ಹಾಲು, ಗೋಡಂಬಿ ಚೀಸ್‌ಗಳನ್ನು ನಿನ್ನೆ ಮೊನ್ನೆಯ ಫ್ಯಾಷನ್ ಎಂದು ಮೂಗು ಮುರಿಯುವವರು ಇದನ್ನು ನೆನಪಿಡಬೇಕು. ಅವಕ್ಕೆ ಐದು ಶತಮಾನದ ವಯಸ್ಸಾಗಿದೆ.

ಆದರೆ ವ್ರತವೆಂದರೆ ಇದ್ದದ್ದನ್ನು ಬಿಡುವುದು. ಬಿಡಲು ಮೊದಲು ಇರಬೇಕು. ಇಲ್ಲದವರ ಕತೆ ಬೇರೆ.

ಚೀಸಿನ ಬೆಟ್ಟದ ಕನಸು

14ನೇ ಶತಮಾನದ ನಡುವೆ ಬೊಕಾಚ್ಚೊ ಬರೆದ 'ಡೆಕಮೆರಾನ್'ನ ಒಂದು ಕತೆಯಲ್ಲಿ ಬೆಂಗೋದಿ ಎಂಬ ಕಾಲ್ಪನಿಕ ನಾಡು ಬರುತ್ತದೆ. ಅಲ್ಲಿ ತುರಿದ ಪಾರ್ಮೆಸಾನ್ ಚೀಸಿನದೇ ಒಂದು ಬೆಟ್ಟ. ಅದರ ಮೇಲೆ ಕೂತವರು ದಿನವಿಡೀ ಮಾಡುವ ಕೆಲಸವೆಂದರೆ ಮ್ಯಾಕರೋನಿ ಬೇಯಿಸಿ ಕೆಳಕ್ಕೆ ಉರುಳಿಸುವುದು. ಜನ ಇಂಥ ಬೆಟ್ಟದ ಕನಸು ಕಾಣುವುದು ಮನೆಯಲ್ಲಿ ಅದು ಚಮಚದಷ್ಟೂ ಇಲ್ಲದಾಗ. ಒಂದು ಕಿಲೋ ಪಾರ್ಮೆಸಾನ್ ಮಾಡಲು ಸುಮಾರು 14 ಲೀಟರ್ ಹಾಲು ಬೇಕು. ಎರಡು ಹಸು ಕಟ್ಟಿದವನಿಗೂ ಅದು ಮಾರುವ ವಸ್ತುವೇ ಹೊರತು ತಿನ್ನುವ ವಸ್ತುವಲ್ಲ.

ಹಾಗಾದರೆ ಇಟಲಿಯ ಬಹುಜನ ಏನು ತಿನ್ನುತ್ತಿದ್ದರು? ದಕ್ಷಿಣದಲ್ಲಿ ಬ್ರೆಡ್ಡು, ಅವರೆ ಜಾತಿಯ ಕಾಳು, ಕಡಲೆ, ಕಾಡುಸೊಪ್ಪು. ಗಟ್ಟಿ ಗೋಧಿಯ ರವೆ ಮತ್ತು ನೀರು ಕಲಸಿ ಒಣಗಿಸಿದ ಪಾಸ್ತಾ. ಮೊಟ್ಟೆ ಹಾಕುವುದು ಉತ್ತರದ ಅನುಕೂಲಸ್ಥರ ರೂಢಿ. ಒಣ ಪಾಸ್ತಾವನ್ನು ಗಟ್ಟಿ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಇಟಲಿ ಕಾನೂನನ್ನೇ ಮಾಡಿತು. ಪಾಸ್ತಾದ ಮೇಲೆ ಉದುರಿಸಲು ಚೀಸಿಲ್ಲದ ಮನೆಗಳಲ್ಲಿ ಹಳೆಯ ಬ್ರೆಡ್ಡನ್ನು ಪುಡಿಮಾಡಿ ಎಣ್ಣೆಯಲ್ಲಿ ಹುರಿದು ಉದುರಿಸುತ್ತಿದ್ದರು. ಸಿಸಿಲಿ, ಕಲಾಬ್ರಿಯಾಗಳಲ್ಲಿ ಇಂದಿಗೂ ಅದು ಉಳಿದಿದೆ, ಈಗ ರುಚಿಗಾಗಿ.

ಟೊಮೆಟೊ ಬಂದದ್ದು ಅಮೆರಿಕ ಖಂಡದಿಂದ, ನಮ್ಮ ಮೆಣಸಿನಕಾಯಿಯ ಹಾಗೆ. ಇಟಲಿಯವರು ಮೊದಮೊದಲು ಅದನ್ನು ನಂಬಲಿಲ್ಲ. ಹಳೇ ಮೈಸೂರಿನಲ್ಲಿ ಗೂದೆಹಣ್ಣೆಂದು ಕರೆದ ನಮ್ಮ ಹಿರಿಯರೂ ನಂಬಲಿಲ್ಲ. ಇಂದಿಗೂ ಕರಾವಳಿಯ ಎಷ್ಟೋ ಮನೆಗಳ ಶ್ರಾದ್ಧದ ಅಡುಗೆಗೆ ಟೊಮೆಟೊ ಬಾರದು. ಇಟಲಿಯಲ್ಲಿ ಅಚ್ಚಾದ ಮೊದಲ ಟೊಮೆಟೊ ಸಾಸ್ ನೇಪಲ್ಸಿನ ಆಂಟೋನಿಯೊ ಲತೀನಿಯದು, 1690ರ ದಶಕದ್ದು: ಸುಟ್ಟು ಸಿಪ್ಪೆ ತೆಗೆದ ಟೊಮೆಟೊ, ಈರುಳ್ಳಿ, ಖಾರ, ಉಪ್ಪು, ಎಣ್ಣೆ, ವಿನೆಗರ್. ನಮ್ಮ ಗೊಜ್ಜಿನ ದೂರದ ನೆಂಟ. ಅದರಲ್ಲಿ ಪ್ರಾಣಿಯಿಂದ ಬಂದದ್ದು ಒಂದೂ ಇಲ್ಲ.

ಈಗ ಹೋಟೆಲಿನ ಹುಡುಗನ ಪ್ರಶ್ನೆಗೆ ಉತ್ತರ. ಚೀಸಿಲ್ಲದ ಪಿಜ್ಜಾಕ್ಕೆ ಇಟಲಿಯಲ್ಲಿ ಹೆಸರಿದೆ: ಮರಿನಾರಾ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ. ನಾವಿಕರ ಹೆಸರು ಹೊತ್ತ ಬಡವರ ತಿಂಡಿ. 2010ರಲ್ಲಿ ಐರೋಪ್ಯ ಒಕ್ಕೂಟ ನೇಪಲ್ಸಿನ ಪಿಜ್ಜಾಕ್ಕೆ ಸಾಂಪ್ರದಾಯಿಕ ಖಾದ್ಯವೆಂಬ ರಕ್ಷಣೆ ಕೊಟ್ಟಾಗ ಹೆಸರಿಸಿದ ಬಗೆಗಳಲ್ಲಿ ಮಾರ್ಗರೀಟಾದ ಜೊತೆಗೆ ಇದೂ ಇದೆ. ಅಂದರೆ ಅಕ್ಕನ ಮಗಳು ಕೇಳಿದ್ದು ಪಿಜ್ಜಾದಿಂದ ಏನೋ ಕಳೆದು ಉಳಿದದ್ದನ್ನಲ್ಲ, ಹೆಸರುವಾಸಿಯಾದ ಒಂದು ಪೂರ್ಣ ಪಿಜ್ಜಾವನ್ನೇ.

ಹಾಗೆಂದು ಬಡವರ ಊಟವೆಲ್ಲ ವೀಗನ್ ಆಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. 1830ರ ದಶಕದಲ್ಲಿ ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ನೇಪಲ್ಸಿನ ಬೀದಿಯಲ್ಲಿ ಕಂಡ ಪಿಜ್ಜಾಗಳಲ್ಲಿ ಎಣ್ಣೆ, ಟೊಮೆಟೊಗಳ ಜೊತೆ ಹಂದಿಕೊಬ್ಬು, ಚೀಸ್, ಸಣ್ಣ ಮೀನುಗಳೂ ಇದ್ದವು. ಸಿಕ್ಕಿದ್ದನ್ನು ತಿನ್ನುತ್ತಿದ್ದರು. ಸಿಗುತ್ತಿದ್ದದ್ದು ಕಡಿಮೆ, ಅಷ್ಟೆ.

ಬರೀ ಸಸ್ಯ ತಿಂದು ಸತ್ತವರು

ಈ ಕಡಿಮೆಗೆ ಬೆಲೆಯೂ ಇತ್ತು. ಉತ್ತರ ಇಟಲಿಯ ಕೂಲಿಗಳು 18, 19ನೇ ಶತಮಾನಗಳಲ್ಲಿ ಮೂರು ಹೊತ್ತೂ ತಿನ್ನುತ್ತಿದ್ದದ್ದು ಪೊಲೆಂಟಾ. ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ತೊಳಸಿದ ಮುದ್ದೆ. ಅದೊಂದನ್ನೇ ತಿಂದವರಿಗೆ ಪೆಲಾಗ್ರಾ ಎಂಬ ಕಾಯಿಲೆ ಬಂತು. ಚರ್ಮ ಒಡೆಯುವುದು, ಭೇದಿ, ಬುದ್ಧಿಭ್ರಮಣೆ, ಸಾವು. ನಯಾಸಿನ್ ಎಂಬ ಜೀವಸತ್ವದ ಕೊರತೆ ಅದಕ್ಕೆ ಕಾರಣವೆಂದು ಗೊತ್ತಾದದ್ದು ಬಹಳ ತಡವಾಗಿ. ನಮಗಿದು ದೂರದ ಕತೆಯಲ್ಲ. ದಖ್ಖನಿನಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲಿ ಇದೇ ಕಾಯಿಲೆಯನ್ನು ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಅಧ್ಯಯನ ಮಾಡಿದರು.

ದಕ್ಷಿಣದಲ್ಲೂ ಹಾಗೆಯೇ. ಮುಸೊಲಿನಿ ಸರ್ಕಾರದಿಂದ ಗಡಿಪಾರಾಗಿ 1935–36ರಲ್ಲಿ ಲುಕಾನಿಯಾದ ಹಳ್ಳಿಯಲ್ಲಿದ್ದ ಕಾರ್ಲೊ ಲೆವಿ, ಅಲ್ಲಿನ ಬಡವರು ವರ್ಷವಿಡೀ ಬ್ರೆಡ್ಡಿನ ಮೇಲೆ ಹಸಿ ಟೊಮೆಟೊ ಹಿಸುಕಿಯೋ, ತುಸು ಬೆಳ್ಳುಳ್ಳಿ ಎಣ್ಣೆ ಸವರಿಯೋ, ಮೆಣಸಿನಕಾಯಿ ನಂಜಿಕೊಂಡೋ ತಿನ್ನುತ್ತಿದ್ದುದನ್ನು ದಾಖಲಿಸಿದ. ಇಂದು ಹೋಟೆಲುಗಳಲ್ಲಿ ಮುನ್ನೂರು ನಾನ್ನೂರು ರೂಪಾಯಿಗೆ ಬರುವ ಬ್ರುಸ್ಕೆಟ್ಟಾ, ಅಲಿಯೊ ಎ ಒಲಿಯೊಗಳ ಪದಾರ್ಥಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ.

ಇಂಥ ಊಟದಿಂದ ಓಡಿಹೋಗಲೆಂದೇ 19ನೇ ಶತಮಾನದ ಕೊನೆಯಿಂದ ಲಕ್ಷಾಂತರ ಇಟಲಿಯವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಊರಿನಲ್ಲಿ ಹಬ್ಬಕ್ಕೂ ಸಿಗದ ಮಾಂಸ, ಚೀಸ್ ಅಲ್ಲಿ ದಿನಗೂಲಿಗೆ ಸಿಗುತ್ತಿತ್ತು. ಬೆಂಗೋದಿಯ ಬೆಟ್ಟ ಕೊನೆಗೂ ಕಾಲಡಿಗೆ ಬಂದಿತ್ತು. ಅವರು ಅದನ್ನು ಪಿಜ್ಜಾದ ಮೇಲೆ, ಪಾಸ್ತಾದ ಮೇಲೆ ಸುರಿದುಕೊಂಡರು. ಅದರಲ್ಲಿ ತಪ್ಪೇನಿದೆ? ನಮ್ಮಲ್ಲೂ ಬಡತನ ಕಳೆದ ಮನೆಯ ಮದುವೆಯಲ್ಲಿ ತುಪ್ಪದ ಸೌಟು ದೊಡ್ಡದಾಗುತ್ತದೆ.

ಭಾರತದ ನಗರಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂದ 'ಇಟಾಲಿಯನ್' ಊಟ ಈ ಅಮೆರಿಕದ ಹಾದಿ ಹಿಡಿದು ಬಂದದ್ದು. 1996ರಲ್ಲಿ ಪಿಜ್ಜಾ ಹಟ್ ಬೆಂಗಳೂರಿನಲ್ಲಿ, ಡೊಮಿನೋಸ್ ದೆಹಲಿಯಲ್ಲಿ ತಮ್ಮ ಮೊದಲ ಅಂಗಡಿಗಳನ್ನು ತೆರೆದವು. ಮಾಂಸವಿಲ್ಲದ ಊಟವನ್ನು ಹಾಲಿನಿಂದ ಶ್ರೀಮಂತಗೊಳಿಸುವುದು ನಮಗೆ ಮೊದಲೇ ಗೊತ್ತಿದ್ದ ವಿದ್ಯೆ. ಪನೀರ್ ಪಿಜ್ಜಾ ಹುಟ್ಟಲು ತಡವಾಗಲಿಲ್ಲ.

ರೋಮಿನಿಂದ ಬಂದ ಹಾಲಿನ ಪುಡಿ

ಆ ಹಾಲಿನ ಕತೆಯಲ್ಲೂ ಇಟಲಿಯ ಒಂದು ಊರು ಬರುತ್ತದೆ. 1970ರಲ್ಲಿ ಶುರುವಾದ ಕ್ಷೀರಕ್ರಾಂತಿಗೆ ಮೊದಲ ಹಂತದ ಬಂಡವಾಳ ಬಂದದ್ದು ಯುರೋಪಿನಲ್ಲಿ ಮಿಕ್ಕಿದ್ದ ಹಾಲಿನ ಪುಡಿ ಮತ್ತು ಬೆಣ್ಣೆಎಣ್ಣೆಯಿಂದ. ರೋಮ್ ನಗರದಲ್ಲಿ ಕೇಂದ್ರ ಕಚೇರಿಯಿರುವ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ದಾನವಾಗಿ ಬಂದ ಅದನ್ನು ಮಾರಿ, ಬಂದ ಹಣದಲ್ಲಿ ಹಳ್ಳಿಯ ಹಾಲು ಸಂಘಗಳನ್ನೂ ನಗರದ ಡೈರಿಗಳನ್ನೂ ಕಟ್ಟಲಾಯಿತು. ದೆಹಲಿಯ ಮದರ್ ಡೈರಿ 1974ರದ್ದು.

ಮುನಿರ್ಕಾ ಆಗ ಬದಲಾಗುತ್ತಿತ್ತು. ಅದು ಟೋಕಸ್ ಕುಲದ ಜಾಟ್ ರೈತರ ಹಳ್ಳಿ. ದೆಹಲಿ ದಕ್ಷಿಣಕ್ಕೆ ಬೆಳೆದಂತೆ ಸುತ್ತಲ ಹೊಲಗಳು ಹೋಗಿ ರಾಮಕೃಷ್ಣಪುರಂ ಕ್ವಾರ್ಟರ್ಸು, 1969ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಡಿಡಿಎ ಫ್ಲ್ಯಾಟುಗಳು ಎದ್ದವು. ರೈತರಿಗೆ ಉಳಿದದ್ದು ನಕ್ಷೆಯ ಕೆಂಪು ಗೆರೆಯ ಒಳಗಿನ ಮನೆಜಾಗ ಮಾತ್ರ. ಹೊಲ ಹೋದ ಮೇಲೆ ದನ ಎಷ್ಟು ದಿನ ಉಳಿದಾವು? ಕೊಟ್ಟಿಗೆಯ ಜಾಗದಲ್ಲಿ ಬಾಡಿಗೆ ಕೋಣೆಗಳೆದ್ದವು. ಅದರಲ್ಲಿ ಈಗ ಮಣಿಪುರದವರು, ಬಿಹಾರದವರು, ನಮ್ಮ ಹುಡುಗ ಹುಡುಗಿಯರು.

2024ರ ನವೆಂಬರಿನಲ್ಲಿ ನಂದಿನಿ ಹಾಲು ದೆಹಲಿಗೆ ಬಂತು. ಮಂಡ್ಯದ ಒಕ್ಕೂಟದ ಹಾಲು ಟ್ಯಾಂಕರಿನಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ದಾಟಿ ಬರುತ್ತದೆಂದು ಓದಿ ಇಲ್ಲಿನ ನಾವೆಲ್ಲ ಹಿಗ್ಗಿದೆವು. ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದ ಮುಂದೆ ನಿಂತು ಮಾತಾಡುವಾಗಲೂ ಅದೇ ಸುದ್ದಿ. ಹಿಗ್ಗದವಳು ಒಬ್ಬಳೇ.

ಇದರಲ್ಲೇ ನಮ್ಮ ಮನೆಯ ತೊಡಕಿದೆ. ಅಕ್ಕನ ಮನೆಯಲ್ಲಿ ಎರಡು ಹಸುಗಳಿವೆ. ಗಂಡ ಹೋದ ಮೇಲೆ ಮಗಳನ್ನು ಓದಿಸಿದ್ದು ಡೈರಿಯ ಬಟವಾಡೆ. ಮಗಳು ಚಿಕ್ಕವಳಿದ್ದಾಗ ಆ ಮನೆಯಲ್ಲಿ ಹಾಲೆಲ್ಲ ಕ್ಯಾನಿಗೆ ಹೋಗಿ, ಒಳಗೆ ಉಳಿಯುತ್ತಿದ್ದದ್ದು ಮುದ್ದೆ, ಉಪ್ಸಾರು, ಖಾರ. ಪಿಜ್ಜಾ ತಿನ್ನುತ್ತ ನಾನು ಇದನ್ನೇ ಎತ್ತಿದೆ: "ಆ ಹಾಲಿಂದ ತಾನೇ ನೀನು ಇಲ್ಲಿಗೆ ಬಂದದ್ದು?"

"ಹೌದು ಮಾವ. ಅದಕ್ಕೇ ನಂಗೆ ಗೊತ್ತಿರೋದು. ಗಂಡು ಕರು ಹುಟ್ಟಿದ್ರೆ ಎಷ್ಟು ದಿನ ನಮ್ಮನೇಲಿ ಇರ್ತಿತ್ತು, ಆಮೇಲೆ ಎಲ್ಲಿಗೆ ಹೋಗ್ತಿತ್ತು ಅಂತ ನೀವ್ಯಾರೂ ನಂಗೆ ಹೇಳ್ಲಿಲ್ಲ. ನಾನೇ ನೋಡ್ದೆ."

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಆದರೆ ಒಂದು ಮಾತು ಸ್ಪಷ್ಟವಾಯಿತು. ಹಾಲಿಲ್ಲದೆ ಬೆಳೆದವಳು ಹಾಲು ಬೇಡವೆಂದರೆ ಅದು ಉಳ್ಳವರ ಶೋಕಿಯಲ್ಲ. ಹಾಗೆಯೇ, ಅವಳ ಬಾಲ್ಯದ ಉಪ್ಸಾರನ್ನು ಆದರ್ಶವೆಂದು ಹೊಗಳುವ ಹಕ್ಕೂ ನಮಗಿಲ್ಲ. ಸಿಗದೆ ಇದ್ದದ್ದು ಬೇರೆ, ಬೇಡವೆಂದದ್ದು ಬೇರೆ. ಎರಡರ ತಟ್ಟೆಯೂ ಒಂದೇ ರೀತಿ ಕಾಣುತ್ತದೆ. ಇಟಲಿಯ ಅಡುಗೆಯ ಚರಿತ್ರೆ ನನಗೆ ಕಲಿಸಿದ್ದು ಇದನ್ನು.

ಹೋಟೆಲಿಗೆ ಹೋಗುವವರಿಗೆ

ವೀಗನ್ನರಿಗೆ, ಅವರನ್ನು ಊಟಕ್ಕೆ ಕರೆದೊಯ್ಯುವ ಮಾವಂದಿರಿಗೆ ಒಂದೆರಡು ಮಾತು. ಮರಿನಾರಾ ಪಿಜ್ಜಾ ಕೇಳಿ, ಆ ಹೆಸರಿನಿಂದಲೇ ಕೇಳಿ. ಆದರೆ ಹಿಟ್ಟಿಗೆ ಹಾಲು ಬೆರೆಸಿಲ್ಲವೆಂದು ಖಚಿತ ಮಾಡಿಕೊಳ್ಳಿ. ಅಲಿಯೊ ಎ ಒಲಿಯೊ, ಖಾರದ ಅರಾಬ್ಬಿಯಾತಾ, ಬರೀ ಟೊಮೆಟೊದ ಪೊಮೊದೊರೊ, ಕಡಲೆ ಹಾಕಿದ ಪಾಸ್ತಾ ಒಳ್ಳೆಯವು, ಮೇಲೆ ಚೀಸ್ ಉದುರಿಸದಿದ್ದರೆ. ಒಣ ಪಾಸ್ತಾ ಸಾಮಾನ್ಯವಾಗಿ ರವೆ, ನೀರು. ಹಸಿ ಪಾಸ್ತಾದಲ್ಲಿ ಮೊಟ್ಟೆ ಇರಬಹುದು. ಪೆಸ್ಟೊ ಹಸಿರಾಗಿ ಕಂಡರೂ ಅದರಲ್ಲಿ ಚೀಸಿದೆ. ರಿಸೊಟ್ಟೊವನ್ನು ಇಳಿಸುವ ಮುನ್ನ ಬೆಣ್ಣೆ ಚೀಸ್ ಕಲೆಸುತ್ತಾರೆ. ನಮ್ಮ ಕಡೆಯ 'ರೆಡ್ ಸಾಸ್'ಗೆ ಕೊನೆಯಲ್ಲಿ ಕ್ರೀಮ್ ಬೀಳುವುದುಂಟು. ಹಾಲು ಕುಡಿಯುವ ಸಸ್ಯಾಹಾರಿಗಳೂ ಗಮನಿಸಬೇಕಾದ ಒಂದಿದೆ: ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊದ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಅಲ್ಲಿನ ನಿಯಮವೇ ಹಾಗಿದೆ. ಇನ್ನು ವೀಗನ್ನರು ಬಿ12 ಜೀವಸತ್ವವನ್ನು ಮರೆಯದೆ ಬೇರೆಯಾಗಿ ತೆಗೆದುಕೊಳ್ಳಬೇಕು. ಪೊಲೆಂಟಾ ತಿಂದವರ ಕತೆ ಮತ್ತೆ ಬೇಡ.

ಆ ರಾತ್ರಿ ಅವಳ ಕೋಣೆಗೆ ಬಿಡಲು ಹೋದಾಗ ಅಕ್ಕನ ಫೋನು ಬಂತು. ಸ್ಪೀಕರ್ ಹಾಕಿದಳು. ನಾನು ದೂರು ಹೇಳುವವನಂತೆ, "ನಿನ್ನ ಮಗಳು ಪಿಜ್ಜಾಕ್ಕೂ ಚೀಸ್ ಬೇಡ ಅಂದ್ಲು ಕಣಕ್ಕ" ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬ್ಯಾಡ ಅಂದ್ರೆ ಬುಡು. ಅವ್ಳು ಊರಿಗೆ ಬಂದಾಗ ಡೈರಿಗೆ ಇನ್ನರ್ಧ ಲೀಟ್ರು ಜಾಸ್ತಿ ಹಾಕ್ತೀನಿ. ಹೊಟ್ಟೆ ತುಂಬ ಉಂಡ್ಲಾ?"